ಹಣಿಗೆಯಲ್ಲಿ ಉಳಿದ ಎಳೆಗಳು

ಹೊನ್ನಗುಂಡಿಯಲ್ಲಿ ಪೂಜ್ಯ ಬಿಲ್ವಲಿಂಗಜ್ಜನವರಿಗೆ ಮಠವೇನೋ ಇತ್ತು, ಆದರೆ ಅವರು ಅಲ್ಲಿ ಸಿಗುತ್ತಿದ್ದುದು ಕಡಿಮೆ. ದರ್ಶನಕ್ಕೆ ಬಂದವರು ಕಟ್ಟೆಯ ಮೇಲೆ ಕಾದು ಕಾದು ಬೇಸತ್ತು, ಕಡೆಗೆ ನೇಕಾರರ ಓಣಿಯಲ್ಲಿ ಹುಡುಕಬೇಕಾಗುತ್ತಿತ್ತು. ಯಾರದೋ ಮನೆಯಲ್ಲಿ ನೂಲಿಗೆ ಗಂಜಿ ಹಚ್ಚುತ್ತಲೋ, ಇನ್ಯಾರದೋ ಕೂಸನ್ನು ತೂಗುತ್ತಲೋ ಕುಳಿತಿರುತ್ತಿದ್ದರು. ಪಾದಪೂಜೆಗೆಂದು ತಟ್ಟೆ ತುಂಬ ಹೂ ತಂದವರಿಗೆ ಅಲ್ಲಿ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ.

ಆ ವರ್ಷ ಊರಿಗೆ ವಾಂತಿಭೇದಿಯ ಬೇನೆ ಬಂದುಹೋಗಿತ್ತು. ಸಾವಂತ್ರವ್ವನ ಹಿರಿಮಗಳು ಇಂದ್ರವ್ವ ಅದರಲ್ಲಿ ತೀರಿಕೊಂಡಳು. ಮೊದಲೇ ಗಂಡನನ್ನು ಕಳೆದುಕೊಂಡಿದ್ದ ಸಾವಂತ್ರವ್ವ ಅಂದಿನಿಂದ ಮಗ್ಗದ ಮುಂದೆ ಕೂತಿರಲಿಲ್ಲ. ಊರಿನ ಶಾಲೆಯ ಗದಿಗೆಪ್ಪ ಮಾಸ್ತರರ ಪಾಡೂ ಅದಕ್ಕಿಂತ ಮೇಲೇನಲ್ಲ. ಇಂದ್ರವ್ವನಿಗೆ ಅಕ್ಷರ ತಿದ್ದಿಸಿದವರು ಅವರು. ಹುಡುಗಿಯನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಿಸಬೇಕೆಂಬ ಆಸೆಯಿಂದ ಸಂಜೆ ಮನೆಗೆ ಕರೆಸಿ ಲೆಕ್ಕ ಹೇಳಿಕೊಟ್ಟವರು. ಈಗ ತರಗತಿಯಲ್ಲಿ ನಿಂತರೆ ಬಾಯಿ ಏಳುತ್ತಿರಲಿಲ್ಲ. ಕಲಿಸಿದ್ದೆಲ್ಲ ಮಣ್ಣುಪಾಲಾಯಿತು, ಇನ್ನು ಯಾರಿಗೆ ಏನು ಕಲಿಸಿ ಏನು ಬಂತು ಎಂಬ ಮಾತೊಂದೇ ಎದೆಯಲ್ಲಿ ಕುದಿಯುತ್ತಿತ್ತು. ಸಾವಂತ್ರವ್ವ ದೂರದಲ್ಲಿ ಕಂಡರೆ ಸಾಕು, ಸಂದಿ ಹಿಡಿದು ಬೇರೆ ದಾರಿಯಲ್ಲಿ ಹೋಗಿಬಿಡುತ್ತಿದ್ದರು. ಕೊನೆಗೆ ನೌಕರಿ ಬಿಟ್ಟು, ದೀಕ್ಷೆ ಪಡೆದು, ಊರನ್ನೇ ತೊರೆಯುವುದೆಂದು ನಿಶ್ಚಯಿಸಿ ಅಜ್ಜನವರನ್ನು ಹುಡುಕಿಕೊಂಡು ಹೊರಟರು.

ಅಜ್ಜನವರು ಅಂದು ಇದ್ದುದು ಸಾವಂತ್ರವ್ವನ ಮನೆಯಲ್ಲೇ.

ನೆಲದ ಮೇಲೆ ಕುಳಿತು ಹೊಸ ಸೀರೆಗೆಂದು ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಾಸಿನ ಎಳೆಗಳ ಸಿಕ್ಕು ಬಿಡಿಸುತ್ತಿದ್ದರು. ಸಾವಂತ್ರವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಒರಗಿದ್ದಳು. ಮಾಸ್ತರರಿಗೆ ಹಿಂದಿರುಗಿ ಹೋಗುವ ಮನಸ್ಸಾಯಿತು. ಆದರೂ ಒಳಗೆ ಬಂದು, ಅವಳ ಕಡೆ ನೋಡದೆ ಅಜ್ಜನವರಿಗೆ ನಮಸ್ಕರಿಸಿದರು.

“ಅಜ್ಜಾರ, ನನಗ ದೀಕ್ಷಾ ಕೊಡ್ರಿ. ಶಾಲಿ ಸಾಕಾತು.”

ಅಜ್ಜನವರು ಯಾಕೆಂದು ಕೇಳಲಿಲ್ಲ. “ಮಗ್ಗದ ಮ್ಯಾಲ ಧೂಳ ಕುಂತೈತಿ. ಒಂದೀಟು ಒರಸು, ತಮ್ಮಾ” ಎಂದಷ್ಟೇ ಹೇಳಿ, ಒಲೆಯ ಬೂದಿ ತರಲು ಒಳಗೆ ನಡೆದರು.

ಗದಿಗೆಪ್ಪನವರು ಪರ ಊರಿನವರು. ನೇಕಾರರ ನಡುವೆ ಇಷ್ಟು ವರ್ಷ ಇದ್ದರೂ ಪುಸ್ತಕದಿಂದ ತಲೆಯೆತ್ತಿ ಒಂದು ಮಗ್ಗವನ್ನು ನೆಟ್ಟಗೆ ನೋಡಿದವರಲ್ಲ. ಧೂಳು ಒರೆಸಿದರು, ಜೇಡರ ಬಲೆ ತೆಗೆದರು. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ, ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ಗೇಣುದ್ದದ ಹಳೆಯ ಎಳೆಗಳು ಜೋತುಬಿದ್ದಿದ್ದವು. ನೇಯ್ದು ಮುಗಿದ ಸೀರೆಯ ಉಳಿಕೆ, ಕಸ ಎಂದುಕೊಂಡು ಹಿಡಿಹಿಡಿಯಾಗಿ ಹಿರಿದು ಹೊರಗೆ ಹಾಕಿದರು.

“ಏನ್ ಮಾಡಿದ್ರಿ, ಮಾಸ್ತರ...” ಎಂದಳು ಸಾವಂತ್ರವ್ವ. ಬೈಯುವ ತ್ರಾಣವೂ ಆ ದನಿಯಲ್ಲಿರಲಿಲ್ಲ.

ಸೀರೆಯನ್ನು ಕೊಯ್ದುಕೊಂಡ ಮೇಲೂ ನೇಕಾರರು ಹಣಿಗೆಯಲ್ಲಿ ಉಳಿದ ಆ ತುಂಡನ್ನು ಕಿತ್ತುಹಾಕುವುದಿಲ್ಲ. ಬೆರಳಿಗೆ ಬೂದಿ ಹಚ್ಚಿಕೊಂಡು ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತಾರೆ. ಹಳೆಯದನ್ನು ಮೆಲ್ಲಗೆ ಎಳೆದರೆ ಹೊಸದು ಅದರ ಹಿಂದೆಯೇ ಹಣಿಗೆಯನ್ನು ದಾಟಿ ಬರುತ್ತದೆ. ಈಗ ಅಷ್ಟೂ ಎಳೆಗಳನ್ನು ಕೈಯಿಂದಲೇ ಒಂದೊಂದಾಗಿ ಪೋಣಿಸಬೇಕಿತ್ತು.

ಬೂದಿ ಹಿಡಿದು ಬಂದ ಅಜ್ಜನವರು ಹೊರಗೆ ಬಿದ್ದಿದ್ದ ಎಳೆಗಳನ್ನು ನೋಡಿದರು. ಮುಖದಲ್ಲಿ ಸಿಟ್ಟಿನ ಸುಳಿವಿಲ್ಲ. ಅದರಲ್ಲೊಂದನ್ನು ಎತ್ತಿ ಮಾಸ್ತರರ ಅಂಗೈಯಲ್ಲಿಟ್ಟರು.

“ಸೀರಿ ಹೋಗೂದ ಹೋಗತೈತಿ, ತಮ್ಮಾ. ಮುಂದಿನ ಎಳಿಗೆ ದಾರಿ ತೋರಸಾಕ ಇದು ಉಳೀಬೇಕು. ನೀನೂ ಕಿತ್ಕೊಂಡು ಹೊಂಟೀನಂತಿ.”

ಮಾಸ್ತರರಿಗೆ ತಡೆಯಲಾಗಲಿಲ್ಲ. “ಇಂದ್ರವ್ವ ಹೋದ್ಳಲ್ರಿ, ಅಜ್ಜಾರ” ಎಂದು ಬಿಕ್ಕಿದರು. ಅವಳು ತೀರಿಕೊಂಡ ಮೇಲೆ ತಾಯಿಯ ಎದುರು ಆ ಹೆಸರು ಅವರ ಬಾಯಿಂದ ಬಂದದ್ದು ಅದೇ ಮೊದಲು.

“ಹೌದು. ಹೋದ್ಳು” ಎಂದರು ಅಜ್ಜನವರು. ಅವರ ಕಣ್ಣೂ ತುಂಬಿತ್ತು. ಬೂದಿಯ ಬಟ್ಟಲನ್ನು ಅಲ್ಲೇ ಇಟ್ಟು ಪಕ್ಕದ ಮನೆಯ ಕೆಲಸಕ್ಕೆ ಹೊರಟುಹೋದರು.

ಸಾವಂತ್ರವ್ವ ಎದ್ದು ಬಂದು ಮಗ್ಗದ ಹಿಂದೆ ಕೂತು ಒಂದು ಎಳೆಯನ್ನು ಮುಂದೆ ಚಾಚಿದಳು. ಮಾಸ್ತರರು ಅದನ್ನು ಹಣಿಗೆಯ ಸಂದಿನಿಂದ ಈಚೆಗೆ ಎಳೆದುಕೊಂಡರು. ಹೀಗೇ ಒಂದಾದ ಮೇಲೊಂದು. ಮಾಸ್ತರರ ಕೈ ಮೊದಮೊದಲು ತಪ್ಪುತ್ತಿತ್ತು, ಅವಳು ತಿದ್ದುತ್ತಿದ್ದಳು. ಬಿಸಿಲು ಅಂಗಳದಿಂದ ಗೋಡೆಗೇರುವ ಹೊತ್ತಿಗೆ ಅವಳಿಗೆ ಮಾತು ಬಂತು.

“ದಿನಾ ಸಾಲಿ ಬಿಟ್ಟು ಬಂದಾಕಿ ತಂಗಿ ಕಸ್ತೂರೀನ ಇಲ್ಲೇ ಕೂಡಿಸ್ಕೊಂಡು ಪಾಠ ಹೇಳತಿದ್ಳ್ರೀ. ಥೇಟ್ ನಿಮ್ಮಂಗ. ನಡುನಡುವ ನಿಮ್ಮ ಕೆಮ್ಮು ಸೈತ ಕೆಮ್ಮತಿದ್ಳು.”

ಮಾಸ್ತರರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ತಾವು ಕಲಿಸಿದ್ದು ಈ ಮಗ್ಗದ ಪಕ್ಕದಲ್ಲಿ ಇನ್ನೊಂದು ಮಗುವನ್ನು ತಲುಪಿತ್ತೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

“ಕಸ್ತೂರಿಗೆ ನೂರರ ತನಕಾ ಎಣಸಾಕ ಕಲಿಸಿ ಹೋಗ್ಯಾಳ್ರಿ” ಎಂದಳು ಸಾವಂತ್ರವ್ವ, ಕೈಯಲ್ಲಿದ್ದ ಎಳೆಯನ್ನು ಹಾಗೇ ಹಿಡಿದು. “ಮುಂದಿಂದು ನೀವು ಹೇಳಿಕೊಡ್ತೀರೋ ಇಲ್ಲೋ? ನಾಳೆ ಕಳಸ್ಲೇನ್ರಿ?”

ಗದಿಗೆಪ್ಪನವರು ಮಾಸ್ತರಿಕೆಗೆ ಸೇರಿದ್ದು ಸಿಕ್ಕ ನೌಕರಿ ಬಿಡಬಾರದೆಂದು. ಆ ಕೆಲಸವನ್ನು ತಾವಾಗಿ ಆರಿಸಿಕೊಂಡದ್ದು ಈ ಮಾತು ಕಿವಿಗೆ ಬಿದ್ದ ಮೇಲೆಯೇ. ಆ ಸಾವಿನ ಬಳಿಕ ಮೊದಲ ಬಾರಿಗೆ ಅವರು ಆ ತಾಯಿಯ ಮುಖವನ್ನು ನೇರವಾಗಿ ನೋಡಿದರು.

“ನಾಳೆ ಯಾಕವ್ವಾ? ಈಗ ಕರೀರಿ. ನೂರಾ ಒಂದರಿಂದ ಸುರು ಮಾಡೂಣು” ಎಂದರು.