ಬೋಣಿ ಹೊತ್ತಿನ ಲಕ್ಷ್ಮಿ

ದಾವಣಗೆರೆಯ ಸಾವಂತ್ರಮ್ಮ ರವಿಕೆಗೆ ಕಸೂತಿ ಹಾಕುವವಳು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಬೇಕೆಂಬುದು ಅವಳ ಕನಸು. ಕಣ್ಣು ಮುಚ್ಚಿದರೆ ಸಾಕು, ಒಣಗದ, ಮುಗಿಯದ ಬಣ್ಣಗಳು ರೆಪ್ಪೆಯೊಳಗೆ ಹರಿಯುತ್ತಿದ್ದವು.

ಒಂದು ಶುಕ್ರವಾರ ಗುರುಮೂರ್ತೆಪ್ಪ ಸಾಹುಕಾರನ ಕಂಪ್ಯೂಟರ್ ಅಂಗಡಿ ಬಾಗಿಲು ತೆಗೆಯುತ್ತಲೇ ಒಳಗೆ ಹೋದಳು. ಮೂಲೆಯಲ್ಲಿ ಪೆನ್ನಿನಿಂದ ಬರೆಯುವಂಥ ಸಣ್ಣ ಕಂಪ್ಯೂಟರಿತ್ತು. ಬೆಲೆಯೂ ಕೈಗೆಟುಕುವಂತಿತ್ತು.

"ಅದು ಮಕ್ಕಳ ಪಾಠಕ್ಕಮ್ಮ," ಎಂದ ಸಾಹುಕಾರ, ಗೋಡೆಯಗಲದ ದೊಡ್ಡ ಕಂಪ್ಯೂಟರನ್ನು ತೋರಿಸಿದ. "ಕಲೆ ಅಂದ್ರೆ ಇದು. ಸಣ್ಣದರಲ್ಲಿ ಚಿತ್ರ ಬರಲ್ಲ. ಅದನ್ನ ನಿಮಗೆ ಕೊಟ್ಟು ನನ್ನ ಹೆಸರು ಕೆಡಿಸಿಕೊಳ್ಳಲ್ಲ."

ಸಾವಂತ್ರಮ್ಮ ಸಣ್ಣದರ ಮುಂದೆ ಕೂತು ಪೆನ್ನು ಹಿಡಿದಳು. ನಿದ್ದೆಗಣ್ಣಿನಲ್ಲೆಂಬಂತೆ ಕೈ ಓಡಿತು. ಪರದೆಯ ಮೇಲೆ ಕೆಂದಾವರೆ ದಳದಳವಾಗಿ ಅರಳಿತು. ಅದರೊಳಗೆ ಲಕ್ಷ್ಮಿ ಬಂದು ಕೂತಳು.

"ಇದರಲ್ಲಿ ಚಿತ್ರ ಬರಲ್ಲ ಅಂದ್ರಲ್ಲ ಸಾಹುಕಾರ್ರೆ. ಅಳಿಸಿಬಿಡಿ."

ಶುಕ್ರವಾರ, ಇನ್ನೂ ಬೋಣಿಯಾಗಿಲ್ಲ. ಲಕ್ಷ್ಮಿಯನ್ನು ಅಳಿಸುವುದುಂಟೇ? ಸಾಹುಕಾರ ಚಪ್ಪಲಿ ಬಿಟ್ಟು ಕೈಮುಗಿದ.

"ಹಾಗಾದ್ರೆ ಕೊಡಿ, ಒಯ್ತೀನಿ."

"ಬೋಣಿ ಹೊತ್ತಲ್ಲಿ ಲಕ್ಷ್ಮೀನ ಅಂಗಡಿಯಿಂದ ಆಚೆ ಕಳಿಸೋದಾ ತಾಯಿ?" ಸಾಹುಕಾರ ಅಡ್ಡ ಬಂದು ನಿಂತ.

"ಅವಳು ಇಲ್ಲೇ ಇರಲಿ ಬಿಡಿ. ಆ ದೊಡ್ಡದರೊಳಗೆ ಕೂರಿಸಿಕೊಡ್ತೀನಿ. ನನಗೆ ಖಾಲಿ ಪರದೆ ಸಾಕು."

ಪೆನ್‌ಡ್ರೈವ್ ಏರಿ ಲಕ್ಷ್ಮಿ ಮೂಲೆಯಿಂದ ಗೋಡೆಗೆ ಬಂದಳು. ಸಾವಂತ್ರಮ್ಮ ದುಡ್ಡು ಕೊಟ್ಟು, ಸಣ್ಣ ಕಂಪ್ಯೂಟರನ್ನು ಕೂಸಿನಂತೆ ಅವಚಿಕೊಂಡು ಮನೆಗೆ ನಡೆದಳು.

ಈಗಲೂ ಆ ದೊಡ್ಡ ಕಂಪ್ಯೂಟರಿನ ಮುಂದೆ ದಿನಾ ಊದುಬತ್ತಿ ಉರಿಯುತ್ತದೆ. ಗಿರಾಕಿಗಳು ಅದರ ಬೆಲೆ ಕೇಳಿದರೆ ಸಾಹುಕಾರ ಗಲ್ಲ ಬಡಿದುಕೊಳ್ಳುತ್ತಾನೆ.

"ಬಿಡ್ತು ಅನ್ನಿ. ಅದು ಮಾರೋದಲ್ಲ."