ಅವ್ವ ಇನ್ನೂ ಉಸಿರು ತಗೊಂಡಿಲ್ಲ

ಕೇಳಿದವರು ನಗಬಹುದು, ತಪ್ಪಿಲ್ಲ. ಊರೂ ಮೊದಲು ನಕ್ಕಿತ್ತು.

ಸಾಂತವ್ವನಿಗೆ ಅಡಿವೆಪ್ಪ ಒಬ್ಬನೇ ಮಗ. ಮೈ ಎತ್ತಿನಷ್ಟು, ಬುದ್ಧಿ ಕರುವಿನಷ್ಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದೇ ಅವನ ರೋಗ. "ನಾ ಸತ್ತ ಮ್ಯಾಲೆ ಇವಗ ತುತ್ತು ಹಾಕೋರು ಯಾರು? ನಾಕು ಮಂದಿ ಜೋಡಿ ಬೆರಿಯೋದನ್ನಾರ ಕಲಿಸ್ರಿ" ಎಂದು ಅವನನ್ನು ಮಠದ ಅಜ್ಜಾರ ಹತ್ತಿರ ಕರೆದೊಯ್ದಳು.

ಅಜ್ಜಾರು ಧ್ಯಾನ ಹೇಳಿಕೊಟ್ಟರು. "ಬ್ಯಾರೆಯವರು ಅನಿಸಿದವರ ಮುಂದ ಕುಂಡ್ರು, ತಮ್ಮಾ. ಅವರು ಉಸಿರು ಎಳದಾಗ ಎಳಿ, ಬಿಟ್ಟಾಗ ಬಿಡು. ನಮ್ಮವರಾಗತಾರ."

"ಆಗಲ್ರಿ" ಅಂದ.

ತಾಂಡಾದ ರೂಪ್ಲಿಬಾಯಿ ಕಟ್ಟಿಗೆ ಮಾರಲು ಬರುತ್ತಿದ್ದಳು. ಅವಳ ಉಡುಗೆ ಬೇರೆ, ಮಾತು ಬೇರೆ. ಸಾಂತವ್ವ ಅವಳನ್ನು ಹೊಸ್ತಿಲು ದಾಟಲು ಬಿಟ್ಟವಳೇ ಅಲ್ಲ. ಹೊರೆ ಇಳಿಸಿ ಅವಳು ಏದುಸಿರು ಬಿಟ್ಟರೆ, ಅಡಿವೆಪ್ಪ ಎದುರಿಗೇ ಕೂತು ತಾನೂ ಏದುಸಿರು ಬಿಟ್ಟ. ಅಣಕಿಸುತ್ತಾನೆಂದು ಅವಳು ಸಿಟ್ಟಾಗಿ ಹೋದಳು.

"ಹುಚ್ಚಪ್ಪಾ, ಹೆಣಮಕ್ಕಳ ಮುಂದ ಹಿಂಗ ಕುಂಡ್ರತಾರೇನು? ದೂರ ಕುಂತು ಕಣ್ಣು ಮುಚ್ಚಬೇಕು" ಎಂದಳು ಅವ್ವ.

"ಆಗಲಬೇ" ಅಂದ.

ಮುಂದಿನ ಸಲ ರೂಪ್ಲಿಬಾಯಿ ಅಂಗಳದಲ್ಲಿ ಎಡವಿ ಹೊರೆಯಡಿ ಸಿಕ್ಕಿಕೊಂಡು ಕೂಗಿದಳು. ಅಡಿವೆಪ್ಪ ದೂರ ಹೋಗಿ ಕೂತು ಕಣ್ಣು ಮುಚ್ಚಿದ. ಸಾಂತವ್ವನೇ ಓಡಿ ಬಂದು ಅವಳನ್ನು ಎಬ್ಬಿಸಿದಳು.

"ನೋವಾದವರನ್ನ ಬಿಟ್ಟು ದೂರ ಕುಂಡ್ರತಾರೇನೋ? ಬಾಜೂ ಕುಂಡ್ರಬೇಕು, ಕೈ ಹಿಡೀಬೇಕು, ಬಿಡಬಾರದು."

"ಆಗಲಬೇ" ಅಂದ.

ಆ ಚಳಿಗಾಲ ಸಾಂತವ್ವ ಜ್ವರ ಬಂದು ಮಲಗಿದಳು. ಅಡಿವೆಪ್ಪ ಬಾಜೂ ಕೂತ, ಕೈ ಹಿಡಿದ, ಬಿಡಲಿಲ್ಲ. ಅವಳು ಉಸಿರು ಎಳೆದಾಗ ಎಳೆದ, ಬಿಟ್ಟಾಗ ಬಿಟ್ಟ. ಒಂದು ಮುಂಜಾನೆ ಅವಳು ಬಿಟ್ಟ ಉಸಿರು ತಿರುಗಿ ಬರಲಿಲ್ಲ. ಅವನೂ ಬಿಟ್ಟು ಕಾದ. ಅವಳು ಎಳೆಯಲಿಲ್ಲ, ಅವನೂ ಎಳೆಯಲಿಲ್ಲ.

ಕಟ್ಟಿಗೆ ತಂದ ರೂಪ್ಲಿಬಾಯಿ ಬಾಗಿಲಿನಿಂದ ನೋಡಿದಳು. ಹೊಸ್ತಿಲು ದಾಟಿ ಬಂದು ಅವನ ಬೆನ್ನಿಗೆ ಗುದ್ದಿದಳು. ಅವನು ಕೆಮ್ಮಿದ.

"ಉಸಿರು ತಗೋ, ಬೇಟಾ."

"ಅವ್ವ ಇನ್ನೂ ತಗೊಂಡಿಲ್ಲ, ಬಾಯಿ. ನಾ ಹೆಂಗ ಮೊದಲ ತಗೊಳ್ಳಲಿ?"

ಅವಳು ಅವನ ಬಾಜೂ ಕೂತಳು. "ಹಂಗಾರ ನನ್ನ ಜೋಡಿ ತಗೋ" ಎಂದು ಅವನ ಕೊರಳು ತಬ್ಬಿ, ತಾಂಡಾದ ಹೆಂಗಸರು ಅಳುವ ಹಾಗೆ ರಾಗ ಎಳೆದು ಅತ್ತಳು. ಒಂದು ಮಾತೂ ತಿಳಿಯದ ಅಡಿವೆಪ್ಪ ಅದೇ ರಾಗದಲ್ಲಿ ಅತ್ತ. ಊರು ಆ ದಿನ ನಗಲಿಲ್ಲ.

ಮಣ್ಣು ಮಾಡಿದ ಸಂಜೆ ರೂಪ್ಲಿಬಾಯಿ ತಾಂಡಾದ ದಾರಿ ಹಿಡಿದಳು. ತಿರುಗಿ ನೋಡಿದರೆ ಹಿಂದೆ ಅಡಿವೆಪ್ಪ.

"ನೀ ಎಲ್ಲಿಗೆ ಬರತೀಯೋ?"

"ನಿನ್ನ ಜೋಡಿ ಉಸಿರು ತಗೋ ಅಂದೀಯಲ್ಲ. ನೀ ಹೋದರ ನಾ ಹೆಂಗ ತಗೊಳ್ಳಲಿ?"

ಅವಳು ತಿರುಗಿ ಬಂದು ಅವನ ಕೈ ಹಿಡಿದಳು.

"ಲಗೂನ ನಡಿ" ಅಂದಳು. "ಮನ್ಯಾಗ ರೊಟ್ಟಿ ಆರತಾವ."