ತಲೆಕೆಳಗಾದ ನಾಲ್ಕು ಪುಟ

ನಲವತ್ತು ವರ್ಷದಲ್ಲಿ ಗುರು ಬಸವಂತಯ್ಯನವರು ಒಂದೇ ಒಂದು ಹಾಳೆಯನ್ನೂ ಕೆಡಿಸಿದವರಲ್ಲ.

ಇದು ಶುದ್ಧ ಸುಳ್ಳು. ಅವರು ತಲೆಗಿಟ್ಟು ಮಲಗುತ್ತಿದ್ದ ದಿಂಬಿನ ತುಂಬ ಇದ್ದದ್ದು ಅವರೇ ಕೆಡಿಸಿದ ಹಾಳೆಗಳು.

ಹೊಳೆದಂಡೆಯ ಆಶ್ರಮದಲ್ಲಿ ಅವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಒಂದು ಹಾಳೆ, ಅದರಲ್ಲಿ ಮೇಲೆ ಕೆಳಗೆ ಎರಡು ಸಾಲಾಗಿ ಎಂಟು ಮನೆ, ಮನೆಗೊಂದು ಚಿತ್ರ. ನಡುವೆ ಒಂದು ಸೀಳು ಕೊಟ್ಟು ಮಡಚಿದರೆ ಅಂಗೈಯಗಲದ ಚಿತ್ರಕಥೆ ಪುಸ್ತಕ.

ಶಿಷ್ಯ ಚೆನ್ನವೀರ ಈ ವಿದ್ಯೆಯಿಂದಲೇ ಕೆಟ್ಟಿದ್ದ. ಅವನ ಅಕ್ಕ ನೀಲಮ್ಮನಿಗೆ ಮಾತು ತೊದಲುತ್ತಿತ್ತು. ಆ ತೊದಲನ್ನೇ ಚಿತ್ರಕಥೆ ಮಾಡಿ, ಜೆರಾಕ್ಸ್ ತೆಗೆಸಿ, ಓಣಿಗೆಲ್ಲ ಹಂಚಿದ್ದ. ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಕ್ಕ ಅವನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಇವತ್ತು ಅವಳು ಬರುತ್ತಿದ್ದಳು. ಗುರುಗಳು ಹೇಳಿಕಳಿಸಿದ್ದಕ್ಕೆ, ಒಂದೇ ಸಲ, ಹರಿಗೋಲು ಹಿಂತಿರುಗುವವರೆಗೆ ಮಾತ್ರ.

ಮೂರು ತಿಂಗಳು ಕೂತು ಬರೆದ ಕ್ಷಮೆಯ ಹಾಳೆಯನ್ನು ಚೆನ್ನವೀರ ಸೀಳಿದ, ಮಡಚಿದ, ತೆರೆದ.

"ಗುರುಗಳ, ನಾಕು ಪುಟ ತಲೆಕೆಳಗ ಆಗ್ಯಾವ್ರಿ!"

"ಮ್ಯಾಲಿನ ಸಾಲು ತಿರುವಿ ಬರೀಬೇಕಂತ ಎಷ್ಟು ಸಲ ಹೇಳೇನಿ?"

"ಅಕ್ಕನ ಧ್ಯಾನದಾಗ ಮರತೇನ್ರಿ. ಇನ್ನೊಂದು ಹಾಳಿ ಕೊಡ್ರಿ."

ಗುರು ಹೊಳೆಯ ಕಡೆ ನೋಡಿದರು. ಹರಿಗೋಲು ನಡುನೀರು ದಾಟಿತ್ತು.

"ಹರದು ಒಗೀತೇನ್ರಿ. ಇದನ್ನ ನೋಡಿದ್ರ, ಮತ್ತ ಚ್ಯಾಷ್ಟಿ ಮಾಡ್ಯಾನ ಅಂತಾಳ."

"ಹರದ ಮ್ಯಾಲ ಅಕಿ ಕೈಯಾಗ ಏನು ಕೊಡ್ತಿ?"



ಗುರು ಪುಸ್ತಕವನ್ನು ಕಸಿದು ಕಲ್ಲಿನ ಮೇಲಿಟ್ಟರು. ಕಲ್ಲಿನ ಈಚೆಗೊಂದು ಚಾಪೆ ಹಾಸಿದರು. ಆಚೆಗೊಂದು ಹಾಸಿದರು.

ನೀಲಮ್ಮ ಬಂದಳು. ತಮ್ಮನ ಮುಖ ನೋಡದೆ ಈಚೆ ಚಾಪೆಯ ಮೇಲೆ ಕೂತು ಪುಸ್ತಕ ತೆರೆದಳು. ಹುಬ್ಬು ಗಂಟಾಯಿತು.

"ಇ... ಇದೂ ಚ್ಯಾಷ್ಟಿ ಏನ್ರಿ?" ಎಂದು ಗುರುಗಳನ್ನು ಕೇಳುತ್ತ ಪುಸ್ತಕ ತಿರುಗಿಸಲು ಹೋದಳು.

ಗುರು ಅದರ ಮೇಲೆ ಬೆರಳೂರಿದರು.

"ತಿರುಗಿಸಬ್ಯಾಡವಾ. ಚೆನ್ನ್ಯಾ, ಬಾ, ಎದುರಿಗೆ ಕೂಡು. ಅಲ್ಲಿಂದ ಹ್ಯಾಂಗ ಕಾಣತೈತಿ?"

ಚೆನ್ನವೀರ ಕೂತ. ನೋಡಿದ.

"ನೆಟ್ಟಗೈತ್ರಿ."

"ಹಂಗಾದ್ರ ಓದು."

ಚಿತ್ರದಲ್ಲಿ ಒಬ್ಬ ಹುಡುಗ ಓಣಿಯಲ್ಲಿ ನಗುನಗುತ್ತ ಪುಸ್ತಕ ಹಂಚುತ್ತಿದ್ದ. ಕೆಳಗೆ ಒಂದು ಸಾಲು, ತಾನೇ ತಿದ್ದಿ ತೀಡಿ ಬರೆದದ್ದು. ಅದನ್ನು ಓದಲು ಬಾಯಿ ತೆರೆದ.

"ಅ... ಅಕ್ಕಾ... ನಾ... ನಾನು..."

ದಡದಿಂದ ಹರಿಗೋಲಿನ ಹನುಮಂತ ಕೂಗಿದ.

"ಯವ್ವಾ, ಗಾಳಿ ಏಳಾಕತ್ತೈತಿ! ಬರ್ತಿಯೋ, ಬಿಟ್ಟು ಹೋಗ್ಲೋ?"

ನೀಲಮ್ಮ ಏಳಲು ನೆಲಕ್ಕೆ ಕೈಯೂರಿದಳು. ಎರಡು ವರ್ಷದಲ್ಲಿ ಮೊದಲ ಸಲ ತಮ್ಮನ ಮುಖ ನೋಡಿದಳು. ಅವನ ತುಟಿ ಅದೇ ಅಕ್ಷರದ ಮೇಲೆ ಇನ್ನೂ ಅದುರುತ್ತಿತ್ತು.

ಊರಿದ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಸಾ... ಸಾವಕಾಶ ಓದು. ನಾ ಕೂ... ಕೂತಿರತೇನಿ."

ಗುರು ಎದ್ದು ದಡಕ್ಕೆ ಹೋಗಿ ಹನುಮಂತನ ಕೈಯಿಂದ ಹುಟ್ಟು ಕಿತ್ತುಕೊಂಡರು.

"ಇನ್ನೂ ಮೂರು ಪುಟ ಅವನ ಕಡೆ ಅದಾವ. ನಡಿ, ಅಲ್ಲೀತನಕ ನನಗೊಂದು ಚಾ ಕುಡಸು."